ಮೆಲ್ಬರ್ನ್‌ನಲ್ಲಿ ಮಂತ್ರ ಮಾಂಗಲ್ಯ: ಮದುವೆ ನಡೆಸಿಕೊಡೋರು ಯಾರು?

ಇದು ನನ್ನ ಅಕ್ಕನ ಮಗಳ ಮದುವೆಯ ಪ್ರಕರಣ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಹುಡುಗಿ ಮೆಲ್ಬರ್ನ್‌ನಲ್ಲಿ ನರ್ಸ್. ಬೆಳೆದದ್ದು ಇಲ್ಲೇ, ಅಪ್ಪ ಅಮ್ಮ ಶಿವಮೊಗ್ಗ ಕಡೆಯವರು. ಹುಡುಗ ಇಲ್ಲೇ ಹುಟ್ಟಿದವನು, ಅವನ ಅಜ್ಜ ಅಜ್ಜಿ ಇಟಲಿಯಿಂದ ಬಂದವರು. ಮನೆಯವರು ಕ್ಯಾಥೊಲಿಕ್, ಅವನು ಮಾತ್ರ ಚರ್ಚಿಗೆ ಹೋಗುವುದು ಕ್ರಿಸ್‌ಮಸ್‌ಗೆ, ಅದೂ ಅಜ್ಜಿಯ ಬಲವಂತಕ್ಕೆ. ಇಬ್ಬರಿಗೂ ಬೇಕಿದ್ದದ್ದು ಇಷ್ಟೇ: ಎರಡೂ ಕಡೆಯವರಿಗೆ ಅರ್ಥ ಆಗಬೇಕು, ಕೇಳಿದರೆ ಇದು ಇವರದ್ದೇ ಮದುವೆ ಅನ್ನಿಸಬೇಕು, ಒಂದೇ ದಿನ ಒಂದೇ ಸಲಕ್ಕೆ ಮುಗಿಯಬೇಕು. ಊಟ, ಸೀರೆ, ಜಾಗ ಎಲ್ಲಾ ಬೇಗ ಇತ್ಯರ್ಥವಾಯಿತು. ಮದುವೆ ನಡೆಸಿಕೊಡೋರು ಯಾರು ಅನ್ನೋದು ಮಾತ್ರ ತಿಂಗಳುಗಟ್ಟಲೆ ಎಳೆಯಿತು.

ಭಾವನದು ಒಂದೇ ಹಟ, ಪುರೋಹಿತರು ಬೇಡ. ಅಕ್ಕ ಭಾವನ ಮದುವೆಯೇ ಮಂತ್ರ ಮಾಂಗಲ್ಯದ ಮದುವೆ. ಕುವೆಂಪು ಹಾಕಿಕೊಟ್ಟ ಪದ್ಧತಿ ಅದು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಅವರು ಹಾಗೇ ಮಾಡಿದರು, ಆಮೇಲೆ ರೈತಸಂಘದವರು ಇದನ್ನು ಹಳ್ಳಿಗಳಿಗೆ ಒಯ್ದರು. ಮುಹೂರ್ತ ಇಲ್ಲ, ಹೋಮ ಇಲ್ಲ, ವರದಕ್ಷಿಣೆಯಂತೂ ಇಲ್ಲವೇ ಇಲ್ಲ. ಗೌರವಸ್ಥರೊಬ್ಬರು ಎದ್ದು ನಿಂತು ಪ್ರತಿಜ್ಞೆ ಓದುತ್ತಾರೆ, ಗಂಡು ಹೆಣ್ಣು ಅದನ್ನು ಹೇಳುತ್ತಾರೆ, ಹಾರ ಬದಲಾಯಿಸಿಕೊಳ್ಳುತ್ತಾರೆ, ಬೇಕಿದ್ದವರು ತಾಳಿ ಕಟ್ಟುತ್ತಾರೆ, ಸೇರಿದ ಜನವೇ ಸಾಕ್ಷಿ. ಓದೋರು ಮೇಷ್ಟ್ರಾದರೂ ಸರಿ, ರೈತಸಂಘದ ಮುಖಂಡರಾದರೂ ಸರಿ, ಪಕ್ಕದ ಮನೆಯ ಹಿರಿಯರಾದರೂ ಸರಿ. ಭಾವನ ಅಣ್ಣ, ಅಂದರೆ ಹುಡುಗಿಯ ದೊಡ್ಡಪ್ಪ, ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು, ಊರಲ್ಲಿ ಇಂಥ ಎಷ್ಟೋ ಮದುವೆ ನಡೆಸಿಕೊಟ್ಟವರು. "ಅಣ್ಣ ಬಂದು ಓದಿದ್ರೆ ಮುಗೀತಲ್ಲ, ಇದಕ್ಕೆ ಇಷ್ಟು ಯೋಚನೆ ಯಾಕೆ?" ಅಂತ ಭಾವ. ದೊಡ್ಡಪ್ಪನ ವೀಸಾ ಕೂಡ ಆಗಿತ್ತು.

ಯೋಚನೆ ಯಾಕೆ ಅಂದರೆ, ಇಲ್ಲಿ ಹಾಗೆ ಮುಗಿಯುವುದಿಲ್ಲ.

ಆಸ್ಟ್ರೇಲಿಯಾದ 1961ರ ವಿವಾಹ ಕಾಯ್ದೆ ಪ್ರಕಾರ ಮದುವೆ ನಡೆಸಿಕೊಡುವವರಿಗೇ ಅಧಿಕಾರ ಇರಬೇಕು. ಮಾನ್ಯತೆ ಇರುವ ಧರ್ಮಗುರುಗಳು, ರಾಜ್ಯದ ನೋಂದಣಿ ಕಚೇರಿಯವರು, ಇಲ್ಲವೇ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಮ್ಯಾರೇಜ್ ಸೆಲೆಬ್ರೆಂಟ್, ಅಂದರೆ ಮದುವೆ ನಡೆಸಿಕೊಡೋದನ್ನೇ ಕೆಲಸ ಮಾಡಿಕೊಂಡವರು. ಅಧಿಕಾರ ಇಲ್ಲದವರು ತಾವೇ ಕಾನೂನುಬದ್ಧ ಮದುವೆ ಮಾಡಿಸ್ತಿದ್ದೇವೆ ಅಂತ ನಿಂತರೆ ಅದು ಅಪರಾಧ. ನಮ್ಮ ಕಡೆ ಲೆಕ್ಕವೇ ಬೇರೆ ಅಲ್ವಾ? ಕರ್ನಾಟಕದಲ್ಲಿ ಮಂತ್ರ ಮಾಂಗಲ್ಯ ಓದುವವರಿಗೆ ಯಾವ ಅಧಿಕಾರವೂ ಇರಲ್ಲ, ಬೇಕಾಗಿಯೂ ಇಲ್ಲ. ಕಾಗದದ ಕೆಲಸಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ ಇದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಹೋದರೆ 30 ದಿನದ ನೋಟಿಸ್, 3 ಸಾಕ್ಷಿ, ವಿವಾಹ ಅಧಿಕಾರಿಯ ಮುಂದೆ ಸಹಿ. ಅಲ್ಲಿ ಓದೋರು ಬೇರೆ, ಬರೆದುಕೊಳ್ಳೋರು ಬೇರೆ. ಇಲ್ಲಿ ಆ ಎರಡೂ ಕೆಲಸ ಒಬ್ಬರ ತಲೆ ಮೇಲೆ ಬಿದ್ದಿದೆ. ಇದು ಭಾವನಿಗೆ ಅರ್ಥವಾಗೋಕೆ ಸ್ವಲ್ಪ ಸಮಯ ಬೇಕಾಯಿತು, ನನಗೂ.

ಈ ಸೆಲೆಬ್ರೆಂಟ್ ವ್ಯವಸ್ಥೆ ಬಹಳ ಹಳೆಯದೇನಲ್ಲ. 1973ರವರೆಗೆ ಇಲ್ಲಿ ಎರಡೇ ದಾರಿ ಇತ್ತು, ಚರ್ಚು ಅಥವಾ ರಿಜಿಸ್ಟ್ರಿ ಕಚೇರಿಯ ರೂಮು. ಆಗ ಅಟಾರ್ನಿ ಜನರಲ್, ಅಂದರೆ ಇಲ್ಲಿಯ ಕಾನೂನು ಮಂತ್ರಿ, ಆಗಿದ್ದ ಲಯನೆಲ್ ಮರ್ಫಿ ಅವರಿಗೆ ಇದು ಸರಿ ಕಾಣಲಿಲ್ಲ. ದೇವರನ್ನು ನಂಬದವರಿಗೂ ಮರ್ಯಾದೆಯ ಮದುವೆ ಬೇಡವೇ ಅಂತ, ಆ ವರ್ಷ ಜುಲೈ 19ರಂದು ಲೋಯಿಸ್ ಡಾರ್ಸಿ ಎಂಬ ಕ್ವೀನ್ಸ್‌ಲ್ಯಾಂಡಿನ ಹೆಣ್ಣುಮಗಳನ್ನು ಮೊದಲ ಸಿವಿಲ್ ಸೆಲೆಬ್ರೆಂಟ್ ಆಗಿ ನೇಮಿಸಿದರು. ಈಗ ಈ ದೇಶದ 10ರಲ್ಲಿ ಸುಮಾರು 8 ಮದುವೆಗಳನ್ನು ಸಿವಿಲ್ ಸೆಲೆಬ್ರೆಂಟ್‌ಗಳೇ ನಡೆಸಿಕೊಡುತ್ತಾರೆ. ಇದನ್ನು ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದಾಗ, "ಹಾಗಾದ್ರೆ ನಮ್ಮೋರು ಅವರಿಗಿಂತ ಏಳು ವರ್ಷ ಮುಂಚೆ" ಅಂದರು. ಲೆಕ್ಕ ಸರಿಯಾಗೇ ಇತ್ತು.

ಸರಿ, ದಾರಿಗಳು ಏನೇನಿದ್ದವು?

ಮೊದಲನೆಯದು ಸುಲಭದ ದಾರಿ. ಮೆಲ್ಬರ್ನ್ ಪೇಟೆಯೊಳಗೆ ಸ್ಪ್ರಿಂಗ್ ಸ್ಟ್ರೀಟಿನ ಓಲ್ಡ್ ಟ್ರೆಷರಿ ಕಟ್ಟಡದಲ್ಲಿ ವಿಕ್ಟೋರಿಯಾದ ಮದುವೆ ರಿಜಿಸ್ಟ್ರಿ ಇದೆ. ಚೆಂದದ ಹಳೇ ಕಟ್ಟಡ. ಅಲ್ಲಿ ಒಂದು ದಿನ ಸಹಿ ಹಾಕಿ, ಇನ್ನೊಂದು ದಿನ ದೊಡ್ಡಪ್ಪನ ಕೈಲಿ ಮಂತ್ರ ಮಾಂಗಲ್ಯ. ಖರ್ಚೂ ಕಡಿಮೆ. ಎಷ್ಟೋ ಜನ ಹೀಗೇ ಮಾಡುತ್ತಾರೆ, ತಪ್ಪೇನಿಲ್ಲ. ಹುಡುಗಿ ಒಪ್ಪಲಿಲ್ಲ. "ಬುಧವಾರ ಮದುವೆಯಾಗಿ ಶನಿವಾರ ನಾಟಕ ಮಾಡ್ಬೇಕಾ ಚಿಕ್ಕಮ್ಮ?" ಅಂತ ಕೇಳಿದಳು. ದೊಡ್ಡಪ್ಪ ಅಷ್ಟು ದೂರದಿಂದ ಬಂದು ಆಗಲೇ ಮದುವೆಯಾದವರಿಗೆ ಪ್ರತಿಜ್ಞೆ ಬೋಧಿಸುವುದು ಅವಳಿಗೆ ಕಸಿವಿಸಿ. ನನಗೂ ಅವಳು ಹೇಳಿದ್ದೇ ಸರಿ ಅನ್ನಿಸಿತು.

ಎರಡನೆಯದು ದೇವಸ್ಥಾನ. ಅಧಿಕಾರ ಇರುವ ಪುರೋಹಿತರೊಬ್ಬರು ಸಿಕ್ಕಿದರು, ಒಳ್ಳೆಯವರು. ಆದರೆ ಹೋಮ, ಸಪ್ತಪದಿ ಬಿಟ್ಟು ನಾನು ಮದುವೆ ಮಾಡಿಸೋಲ್ಲ ಅಂತ ನೇರವಾಗಿ ಹೇಳಿಬಿಟ್ಟರು. ಅದು ಅವರ ಧರ್ಮ, ನಾವು ಒತ್ತಾಯ ಮಾಡಲಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಎಲ್ಲಾ ಪುರೋಹಿತರಿಗೂ ಈ ಅಧಿಕಾರ ಇರಲ್ಲ. ಅಟಾರ್ನಿ ಜನರಲ್ ಇಲಾಖೆಯ ಪಟ್ಟಿ ಆನ್‌ಲೈನ್‌ನಲ್ಲೇ ಇದೆ, ಹೆಸರು ಹಾಕಿ ನೋಡಿಕೊಳ್ಳಿ. ಅವರೇ "ಇದೆ ಇದೆ" ಅಂದರೂ ನೋಡಿಕೊಳ್ಳಿ.

ಚರ್ಚಿನ ಮಾತನ್ನು ಹುಡುಗನ ತಾಯಿ ಒಮ್ಮೆ ಎತ್ತಿದರು. ದೀಕ್ಷಾಸ್ನಾನ ಆಗದವರ ಜೊತೆ ಮದುವೆಗೆ ಬಿಷಪ್ ಕಡೆಯಿಂದ ಅನುಮತಿ ತರಬೇಕು, ಹುಡುಗನಿಗೇ ಆಸಕ್ತಿ ಇರಲಿಲ್ಲ, ಅಲ್ಲಿಗೆ ಬಿಟ್ಟರು.

ಉಳಿದದ್ದು ಸಿವಿಲ್ ಸೆಲೆಬ್ರೆಂಟ್. ಹುಡುಕೋಕೆ ಕೂತರೆ ಎಲ್ಲರ ವೆಬ್‌ಸೈಟೂ ಒಂದೇ ಥರ. ಹೂವಿನ ಕಮಾನು, ಗಾಳಿಗೆ ಹಾರುವ ಕೂದಲು, "ನಿಮ್ಮ ಪ್ರೇಮಕಥೆ ನಮಗೆ ಹೇಳಿ". ಎಲ್ಲರೂ ತರಬೇತಿ ಮುಗಿಸಿದವರೇ, ಎಲ್ಲರೂ ನಗುತ್ತಿರುವವರೇ. ಹೀಗಿದ್ದಾಗ ಒಬ್ಬರನ್ನು ಆರಿಸುವುದು ಹೇಗೆ? ನಾವು ಮೂರು ಜನರನ್ನು ಭೇಟಿ ಮಾಡಿದೆವು. ಹುಡುಗಿ ಒಂದು ಪ್ರಶ್ನೆ ಇಟ್ಟುಕೊಂಡಿದ್ದಳು, ಮೂವರಿಗೂ ಅದನ್ನೇ ಕೇಳಿದಳು: "ಕಾನೂನು ಪ್ರಕಾರ ನೀವೇ ಹೇಳಲೇಬೇಕಾದ ಮಾತು ಎಷ್ಟು? ಉಳಿದದ್ದನ್ನು ಬೇರೆಯವರಿಗೆ ಬಿಟ್ಟುಕೊಡ್ತೀರಾ?"

ಈ ಪ್ರಕರಣದಲ್ಲಿ ಎಲ್ಲವನ್ನೂ ತೀರ್ಮಾನಿಸಿದ್ದು ಈ ಪ್ರಶ್ನೆಯೇ ಅಂತ ನನ್ನ ಅಭಿಪ್ರಾಯ. ದನಿ ಹೇಗಿದೆ, ಜೋಕ್ ಮಾಡ್ತಾರಾ, ಎಷ್ಟು ಮದುವೆ ಮಾಡಿಸಿದ್ದಾರೆ ಅಂತೆಲ್ಲ ಜನ ಕೇಳುತ್ತಾರೆ. ಅವಕ್ಕೆಲ್ಲ ಸಿದ್ಧ ಉತ್ತರ ಇರುತ್ತೆ. ಇದಕ್ಕೆ ಮಾತ್ರ ಕೆಲಸ ಗೊತ್ತಿರೋರು ಒಂದು ರೀತಿ ಉತ್ತರ ಕೊಡ್ತಾರೆ, ಗೊತ್ತಿಲ್ಲದೋರು ಇನ್ನೊಂದು ರೀತಿ, ಗೊತ್ತಿದ್ದೂ ಮೈಕು ಬಿಡೋಕೆ ಮನಸ್ಸಿಲ್ಲದೋರು ಮತ್ತೊಂದು ರೀತಿ.

ಮೊದಲನೆಯವರದು ರೇಡಿಯೊ ದನಿ. ಕೇಳಿದ ಹಣ 1,200 ಡಾಲರ್. ಪ್ರಶ್ನೆ ಕೇಳಿದ ಕೂಡಲೇ, "ಅದರ ಚಿಂತೆ ನಿಮಗೆ ಬೇಡ, ಎಲ್ಲಾ ನನಗೆ ಬಿಡಿ" ಅಂದರು. ದೊಡ್ಡಪ್ಪನ ವಿಷಯ ಹೇಳಿದರೆ, "ಓ ಚೆನ್ನಾಗಿದೆ, ನಡುವೆ ಅವರಿಂದ ಒಂದು ಪದ್ಯ ಓದಿಸೋಣ, ಎರಡು ನಿಮಿಷ" ಅಂದರು. ಜೀವಮಾನವಿಡೀ ಮಕ್ಕಳಿಗೆ ಪದ್ಯ ಓದಿಸಿದ ಮನುಷ್ಯನಿಗೆ ಎರಡು ನಿಮಿಷ ಕೊಡ್ತಾರಂತೆ. ಹುಡುಗ ಹೊರಗೆ ಬಂದವನೇ ತಲೆ ಅಲ್ಲಾಡಿಸಿದ.

ಎರಡನೆಯವರು ಭಾರತೀಯ ಮೂಲದವರು. ಅವರ ಮೇಲೆ ನಮಗೆ ತುಂಬಾ ಆಸೆ ಇತ್ತು. ಒಂದು ತಾಮ್ರದ ಕುಂಡ, ನಾಲ್ಕು ಸುತ್ತು, ಏಳು ಹೆಜ್ಜೆ, ಹಿಂದಿಯಲ್ಲೊಂದು ಸಾಲು ಇಂಗ್ಲಿಷಿನಲ್ಲೊಂದು ಸಾಲು, ಎಲ್ಲಾ ಸೇರಿ ಪ್ಯಾಕೇಜು. ಭಾವ ತಾಳ್ಮೆಯಿಂದಲೇ, ನಮ್ಮದು ಬೆಂಕಿ ಇಲ್ಲದ ಮದುವೆ, ಕನ್ನಡದ ಮದುವೆ ಅಂತ ವಿವರಿಸಿದರು. "ಬೆಂಕಿ ಇಲ್ಲದೆ ಹೇಗೆ ಅಂಕಲ್, ಫೋಟೊಗೆ ಚೆನ್ನಾಗಿರಲ್ಲ" ಅಂತ ಉತ್ತರ ಬಂತು. ಭಾರತೀಯರು ಅಂದಮೇಲೆ ಹೀಗೇ ಅನ್ನೋ ಅಚ್ಚು ಬಿಳಿಯರಲ್ಲಿ ಇದ್ದರೆ ಅರ್ಥ ಮಾಡಿಕೊಳ್ಳಬಹುದು, ನಮ್ಮೋರೇ ಹಾಗಂದರೆ ಬೇಜಾರಾಗುತ್ತೆ.

ಮೂರನೆಯವರು ಫುಟ್‌ಸ್ಕ್ರೇ ಕಡೆಯ ಒಬ್ಬ ಹೆಂಗಸು, ಮೊದಲು ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ಕೇಳಿದ್ದು 800 ಡಾಲರ್. ಕನ್ನಡ ಅನ್ನೋ ಹೆಸರನ್ನೇ ಅವರು ಮೊದಲ ಸಲ ಕೇಳಿದ್ದು. ಆದರೆ ಪ್ರಶ್ನೆಗೆ ಬೆರಳು ಮಡಚಿ ಉತ್ತರ ಕೊಟ್ಟರು. ನಾನು ಯಾರು, ನನಗೆ ಅಧಿಕಾರ ಇದೆ ಅಂತ ಹೇಳಬೇಕು. ಮದುವೆ ಅಂದರೆ ಕಾನೂನಿನಲ್ಲಿ ಏನು ಅನ್ನುವ ಎರಡು ಮೂರು ವಾಕ್ಯವನ್ನು ನಾನೇ ಹೇಳಬೇಕು, ಅದನ್ನು ಬೇರೆಯವರಿಗೆ ಕೊಡೋ ಹಾಗಿಲ್ಲ. ನೀವಿಬ್ಬರೂ ಸಾಕ್ಷಿಗಳ ಮುಂದೆ ಒಬ್ಬರನ್ನೊಬ್ಬರು ಗಂಡ ಹೆಂಡತಿಯಾಗಿ ಸ್ವೀಕರಿಸುವ ಒಂದು ವಾಕ್ಯ ಹೇಳಬೇಕು. 18 ವರ್ಷ ದಾಟಿದ ಇಬ್ಬರು ಸಾಕ್ಷಿಗಳು, ಸಹಿ. "ಅಷ್ಟೇ. ಉಂಗುರ ಕೂಡ ಕಾನೂನಿಗೆ ಬೇಡ. ಉಳಿದ ಹೊತ್ತೆಲ್ಲಾ ನಿಮ್ಮ ದೊಡ್ಡಪ್ಪನದು. ಆದರೆ ನಾನು ಹಿಂದೆ ಹೋಗಿ ಕುರ್ಚಿಯಲ್ಲಿ ಕೂರಲ್ಲ, ಅವರ ಪಕ್ಕದಲ್ಲೇ ನಿಂತಿರ್ತೀನಿ. ಅದು ನನ್ನ ಕೆಲಸ."

ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು: ಮುಂದಿನ ಸಾಲಿನಲ್ಲಿ ಇಂಗ್ಲಿಷ್ ಬರದವರು ಯಾರ್ಯಾರು ಕೂತಿರ್ತಾರೆ? ನಮ್ಮ ಕಡೆಯಿಂದ ನಮ್ಮ ಅಮ್ಮ, ಅವರ ಕಡೆಯಿಂದ ಇಟಲಿಯ ಅಜ್ಜಿ. ಮಿಕ್ಕವರಿಬ್ಬರೂ ಈ ಇಬ್ಬರ ಬಗ್ಗೆ ಕೇಳಿರಲೇ ಇಲ್ಲ. ಅಲ್ಲೇ ತೀರ್ಮಾನ ಆಯಿತು.

ಈಗ ಕಾಗದದ ಕೆಲಸ. ಇದರಲ್ಲಿ ಜನ ಜಾಸ್ತಿ ಎಡವುತ್ತಾರೆ. ಮದುವೆಗೆ ಕನಿಷ್ಠ 1 ತಿಂಗಳು ಮುಂಚೆ, 18 ತಿಂಗಳ ಒಳಗೆ, ನೋಟಿಸ್ ಆಫ್ ಇಂಟೆಂಡೆಡ್ ಮ್ಯಾರೇಜ್, ಅಂದರೆ ಮದುವೆಯಾಗ್ತೀವಿ ಅಂತ ಮುಂಚೆ ತಿಳಿಸೋ ಫಾರ್ಮ್, ಸೆಲೆಬ್ರೆಂಟ್ ಕೈ ಸೇರಬೇಕು. ಅಂದರೆ ಸೆಲೆಬ್ರೆಂಟ್ ಗೊತ್ತಾಗದೆ ಫಾರ್ಮ್ ಕೊಡೋಕೆ ಆಗಲ್ಲ. ಆಯ್ಕೆ ತಡ ಮಾಡಿದರೆ ತಾರೀಖೇ ಜಾರುತ್ತೆ. ಕರ್ನಾಟಕದ ಮನೆಗಳಿಗೆ ಇನ್ನೊಂದು ತಾಪತ್ರಯ, ಸರ್‌ನೇಮು. ನಮ್ಮ ಹುಡುಗಿಯ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಅಪ್ಪನ ಪಾಸ್‌ಪೋರ್ಟಿನಲ್ಲಿ ಅವರ ಅಪ್ಪನ ಹೆಸರು, ಅಕ್ಕನದರಲ್ಲಿ ಭಾವನ ಹೆಸರು. ಫಾರ್ಮಿನಲ್ಲಿ ತಂದೆ ತಾಯಿಯ ಪೂರ್ತಿ ಹೆಸರು, ಹುಟ್ಟಿದ ದೇಶ, ತಾಯಿಯ ಹುಟ್ಟು ಹೆಸರು ಎಲ್ಲಾ ಕೇಳುತ್ತಾರೆ. ಒಂದೇ ಮನೆಯಲ್ಲಿ ಎರಡು ಸರ್‌ನೇಮ್ ನೋಡಿ ಆಯಮ್ಮ ಗಾಬರಿಯಾಗಲಿಲ್ಲ. ದಾಖಲೆಯಲ್ಲಿ ಇದ್ದದ್ದು ಇದ್ದ ಹಾಗೇ ಬರೆಯಿರಿ, ಚೆಂದ ಮಾಡೋಕೆ ಹೋಗಬೇಡಿ ಅಂದರು. ಹುಡುಗ ಮುಂದೆ ಓಸಿಐ ಕಾರ್ಡ್, ಅಂದರೆ ಭಾರತದ ಸಾಗರೋತ್ತರ ನಾಗರಿಕರ ಕಾರ್ಡ್, ಮಾಡಿಸಬೇಕು ಅಂತಿದ್ದ. ಗಂಡ ಹೆಂಡತಿ ಲೆಕ್ಕದಲ್ಲಿ ಓಸಿಐ ಕೇಳೋಕೆ ಮದುವೆ ನೋಂದಣಿಯಾಗಿ 2 ವರ್ಷ ಆಗಿರಬೇಕು. ಆಗ ಈ ಹೆಸರುಗಳ ಒಂದೊಂದು ಅಕ್ಷರವೂ ಲೆಕ್ಕಕ್ಕೆ ಬರುತ್ತೆ.

ಭಾವನಿಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಮದುವೆಗೆ ಮುಂಚೆ ಸೆಲೆಬ್ರೆಂಟ್ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಬೇಕು ಅಂದರು, ಹುಡುಗನನ್ನೂ ಬೇರೆಯಾಗಿ. "ನಾವೇನು ಬಲವಂತವಾಗಿ ಮದುವೆ ಮಾಡ್ತಿದ್ದೀವಾ?" ಅಂತ ಭಾವ ಕೂಗಾಡಿದರು. 2024ರ ಜೂನ್‌ನಿಂದ ಇದು ಎಲ್ಲರಿಗೂ ಕಡ್ಡಾಯ. ಇಬ್ಬರನ್ನೂ ಬೇರೆ ಬೇರೆಯಾಗಿ, ಎದುರಾ ಎದುರು ಕಂಡು, ಒಪ್ಪಿಗೆ ನಿಜವಾದದ್ದೇ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಬಲವಂತದ ಮದುವೆ ಇಲ್ಲಿ 2013ರಿಂದ ಅಪರಾಧ. ಮಂತ್ರ ಮಾಂಗಲ್ಯವನ್ನು ಇಷ್ಟು ಮೆಚ್ಚುವ ಭಾವನಿಗೆ ಈ ನಿಯಮ ನೋಡಿ ಖುಷಿ ಆಗಬೇಕಿತ್ತು ಅಂತ ನನಗನ್ನಿಸಿತು. ಹೇಳಲಿಲ್ಲ. ಅಕ್ಕ ಹೇಳಿದಳು.

ಇನ್ನು ಕ್ರಮ. ದೊಡ್ಡಪ್ಪ ಬಂದಿಳಿದ ಮೇಲೆ ಅಕ್ಕನ ಮನೆಯ ಊಟದ ಮೇಜಿಗೆ ಆಯಮ್ಮ ಬಂದರು. ದೊಡ್ಡಪ್ಪನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತೆ, ಆದರೆ ನಿಧಾನ. ಆಯಮ್ಮನೂ ನಿಧಾನ ಮಾಡಿದರು. ಪ್ರತಿಜ್ಞೆಗಳ ಅರ್ಥವನ್ನು ದೊಡ್ಡಪ್ಪ ಒಂದೊಂದಾಗಿ ಹೇಳಿದರು. ಹುಟ್ಟಿನಿಂದ ಯಾರೂ ಮೇಲಲ್ಲ ಕೀಳಲ್ಲ, ಮೂಢನಂಬಿಕೆಗೆ ಕಟ್ಟುಬೀಳಬಾರದು, ಗಂಡ ಹೆಂಡತಿ ಸಮಾನರು, ಹೀಗೆ. ಆಯಮ್ಮ ಪೆನ್ಸಿಲ್ ಹಿಡಿದು ಬರೆದುಕೊಂಡು, ಒಂದು ಕಡೆ ನಿಲ್ಲಿಸಿ ಕೇಳಿದರು: "ಇದನ್ನು ಹೇಳಿದ ಮೇಲೆ ಇವರಿಬ್ಬರೂ ಗಂಡ ಹೆಂಡತಿ ಆದರು ಅಂತ ನಿಮ್ಮ ಜನ ತಿಳಿದುಕೊಳ್ಳೋದು ಯಾವ ಕ್ಷಣಕ್ಕೆ?" ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರತಿಜ್ಞೆ ಮುಗಿದಾಗ ಅಂದರು. ಅಕ್ಕ, ತಾಳಿ ಕಟ್ಟಿದಾಗ ಅಂದಳು. ಹುಡುಗನ ತಾಯಿ, ಉಂಗುರ ಹಾಕಿದಾಗ ಅಂದರು. ಕಾನೂನಿಗೆ ಆ ಕ್ಷಣ ಇಬ್ಬರೂ ಆ ಒಂದು ವಾಕ್ಯ ಹೇಳಿ ಮುಗಿಸಿದಾಗ. ಹಾಗಾಗಿ ನಾಲ್ಕನ್ನೂ ಹತ್ತಿರ ಹತ್ತಿರ ತಂದರು. ಮೊದಲು ದೊಡ್ಡಪ್ಪನ ಓದು, ಕನ್ನಡದ ಪ್ರತಿಜ್ಞೆಗಳು. ಅದರ ಬೆನ್ನಿಗೇ ಆಯಮ್ಮನ ಕಾನೂನಿನ ಮಾತು, ಇಂಗ್ಲಿಷಿನ ವಾಕ್ಯ. ಆಮೇಲೆ ಹಾರ, ತಾಳಿ, ಉಂಗುರ. ಕೊನೆಗೆ ಸಹಿ.

ಕಾನೂನಿನ ವಾಕ್ಯವನ್ನೂ ಕನ್ನಡದಲ್ಲೇ ಹೇಳಿಸಬಹುದಾ ಅಂತ ಭಾವ ಕೇಳಿದರು. ಬೇರೆ ಭಾಷೆಯಲ್ಲಿ ನಡೆಸೋಕೆ ಅವಕಾಶ ಇದೆ, ಆದರೆ ಹೇಳಿದ್ದು ಸರಿಯಿದೆ ಅಂತ ಸೆಲೆಬ್ರೆಂಟ್‌ಗೆ ಖಾತ್ರಿ ಆಗಬೇಕು. ಅದಕ್ಕೆ ದುಭಾಷಿ, ದುಭಾಷಿಯ ಲಿಖಿತ ಹೇಳಿಕೆ. ಒಂದು ವಾಕ್ಯಕ್ಕೆ ಅಷ್ಟೆಲ್ಲ ಯಾಕೆ ಅಂತ ಬಿಟ್ಟೆವು.

ಮದುವೆ ಡಾಂಡೆನಾಂಗ್ ಬೆಟ್ಟದ ಕಡೆ ಒಂದು ತೋಟದಲ್ಲಿ. ಗಾಳಿ ಜೋರಾಗಿತ್ತು. ಆಯಮ್ಮ ತಮ್ಮದೇ ಸ್ಪೀಕರ್, ಮೈಕ್ ತಂದಿದ್ದರು. ದೊಡ್ಡಪ್ಪ ಮೈಕ್ ಬೇಡ ಅಂದು ಹಿಂದಿನ ಸಾಲಿಗೂ ಕೇಳುವ ಹಾಗೆ ಓದಿದರು. ಹುಡುಗ ಒಂದೊಂದು ಪದವನ್ನೂ ಅವರ ಹಿಂದೆಯೇ ಹೇಳಿದ. ಅಭ್ಯಾಸ ಮಾಡಿದ್ದ, ಆದರೆ ಳ ಬಂದಲ್ಲೆಲ್ಲಾ ಲ, ಮಹಾಪ್ರಾಣ ಎಲ್ಲಾ ಮಾಯ. ದೊಡ್ಡಪ್ಪ ಒಂದು ಕಡೆ ನಿಲ್ಲಿಸಿ ತಿದ್ದಿದರು, ಹಳೇ ಚಾಳಿ. ಜನ ನಕ್ಕರು, ಅವನು ಎರಡನೇ ಸಲ ಸರಿಯಾಗಿ ಹೇಳಿದ. ಆಮೇಲೆ ಆಯಮ್ಮ ಒಂದು ಹೆಜ್ಜೆ ಮುಂದೆ ಬಂದು ತಮ್ಮ ಮಾತು ಹೇಳಿದರು. ಈ ದೇಶದ ಕಾನೂನಿನಲ್ಲಿ ಮದುವೆ ಅಂದರೆ ಇಬ್ಬರು ವ್ಯಕ್ತಿಗಳು, ಬೇರೆ ಯಾರಿಗೂ ಎಡೆಯಿಲ್ಲದಂತೆ, ತಾವಾಗಿ ಒಪ್ಪಿ, ಜೀವನಪೂರ್ತಿಗೆ ಒಂದಾಗುವುದು ಅಂತ. 2017ರ ಡಿಸೆಂಬರ್‌ಗೆ ಮುಂಚೆ ಇಲ್ಲಿ "ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು" ಅಂತ ಹೇಳಬೇಕಿತ್ತು, ಸಲಿಂಗ ಮದುವೆಗೆ ಒಪ್ಪಿಗೆ ಬಂದ ಮೇಲೆ ಬದಲಾಯಿತು. ಅವರು ಮಾತಾಡಿದ್ದು ಒಟ್ಟು ದೊಡ್ಡಪ್ಪನ ಕಾಲು ಭಾಗವೂ ಇಲ್ಲ. ಅದಕ್ಕೆ 800 ಡಾಲರಾ ಅಂತ ನಮ್ಮ ನೆಂಟರೊಬ್ಬರು ಊಟದ ಹೊತ್ತಲ್ಲಿ ಕೇಳಿದರು. ಮೇಜಿನ ಮುಂದೆ ಕೂತ ಸಂಜೆ, ಫಾರ್ಮಿನ ಹೆಸರುಗಳು, ಬೇರೆ ಬೇರೆ ಭೇಟಿಗಳು, ಆ ಕ್ರಮ, ಇದೆಲ್ಲಾ ಅವರಿಗೆ ಕಾಣಿಸಿರಲಿಲ್ಲ.

ಸಾಕ್ಷಿಗಳಾಗಿ ಹುಡುಗನ ತಂಗಿ ಮತ್ತು ದೊಡ್ಡಪ್ಪ. ದೊಡ್ಡಪ್ಪ ಎಂದಿನಂತೆ ಕನ್ನಡದಲ್ಲೇ ಸಹಿ ಮಾಡಿದರು, ಕೆಳಗೆ ಒಂದು ಗೆರೆ ಎಳೆದರು. ಅಲ್ಲೇ ಕೈಗೆ ಕೊಟ್ಟ ಅಲಂಕಾರದ ಸರ್ಟಿಫಿಕೇಟ್ ಪಾಸ್‌ಪೋರ್ಟಿಗೂ ಹೆಸರು ಬದಲಾವಣೆಗೂ ನಡೆಯಲ್ಲ. ಸೆಲೆಬ್ರೆಂಟ್ 14 ದಿನದ ಒಳಗೆ ಕಾಗದಗಳನ್ನು ರಾಜ್ಯದ ಜನನ, ಮರಣ, ವಿವಾಹ ನೋಂದಣಿ ಕಚೇರಿಗೆ ಕಳಿಸುತ್ತಾರೆ, ಅಲ್ಲಿಂದ ನಾವು ಬೇರೆ ಪ್ರಮಾಣಪತ್ರ ತರಿಸಿಕೊಳ್ಳಬೇಕು. ಇದನ್ನು ಆಯಮ್ಮ ಮೊದಲೇ ಹೇಳಿದ್ದರು, ಬರೆದೂ ಕೊಟ್ಟಿದ್ದರು.

ಸರಿ ಹೋಗದ್ದೂ ಇದೆ. ಇಂಗ್ಲಿಷ್ ಅರ್ಥ ಅಚ್ಚು ಹಾಕಿಸಿ ಕುರ್ಚಿಗಳ ಮೇಲೆ ಇಟ್ಟಿದ್ದೆವು, ಅರ್ಧ ಗಾಳಿಗೆ ಹಾರಿಹೋಯಿತು. ಹಿಂದಿನ ಸಾಲುಗಳಲ್ಲಿ ಕೂತ ಹುಡುಗನ ಗೆಳೆಯರಿಗೆ ದೊಡ್ಡಪ್ಪನ ಭಾಗ ಉದ್ದವಾಯಿತು, ಫೋನ್ ತೆಗೆದರು. ಇಟಲಿಯ ಅಜ್ಜಿಗೆ ಮೊಮ್ಮಗಳು ಕಿವಿಯಲ್ಲಿ ಹೇಳುತ್ತಾ ಹೋದಳು, ನಮ್ಮ ಅಮ್ಮನಿಗೆ ನಾನು ಕಾನೂನಿನ ಭಾಗ ಹೇಳಿದೆ. ಹುಡುಗನ ತಾಯಿಗೆ ಇವತ್ತಿಗೂ ದೇವರ ಹೆಸರು ಒಂದು ಸಲವೂ ಬರಲಿಲ್ಲ ಅಂತ ಕೊರಗು, ಕುತೂಹಲ ಅಂದರೆ ನಮ್ಮ ಅಮ್ಮನಿಗೂ ಅದೇ ಕೊರಗು. ಇಬ್ಬರೂ ಭಾಷೆ ಇಲ್ಲದೆಯೇ ಇದನ್ನು ಹಂಚಿಕೊಂಡರು, ಊಟಕ್ಕೆ ಅಕ್ಕಪಕ್ಕ ಕೂತಿದ್ದರು.